ಮಡಿಲಲ್ಲಿ ಕಟ್ಟಿದ ಮೆಣಸು

ಕುಶಾಲನಗರದ ಹತ್ತಿರದ ನಮ್ಮ ಕಾಲೇಜಿನಲ್ಲಿ ಮಹಾದೇವಮ್ಮ ಮೇಡಂ ಇಪ್ಪತ್ತಾರು ವರ್ಷ ಕನ್ನಡ ಕಲಿಸಿದರು. ಅಷ್ಟೂ ವರ್ಷ ಅತಿಥಿ ಉಪನ್ಯಾಸಕಿ. ಇಪ್ಪತ್ತಾರು ವರ್ಷ ದುಡಿದವರನ್ನು ಅತಿಥಿ ಎನ್ನುವವರ ಬಗ್ಗೆ ನನಗೆ ಹೇಳಲು ಬೇಕಾದಷ್ಟಿದೆ, ಇಲ್ಲಿ ಬೇಡ. ನಾನು ಅದೇ ಕಾಲೇಜಿನ ಲೈಬ್ರರಿ ನೋಡಿಕೊಳ್ಳುವ ದೇವರಾಜು.

ನಮ್ಮ ಬಿ.ಕಾಂ. ಮಕ್ಕಳಿಗೆ ಕನ್ನಡ ಪಾಸಾದರೆ ಸಾಕು. ಒಂದು ಸಲ ಹನ್ನೊಂದು ಮಂದಿ ‘ಕೊಡಗಿನ ಪ್ರವಾಸಿ ತಾಣಗಳು’ ಎಂಬ ಒಂದೇ ಪ್ರಬಂಧವನ್ನು ಮೊಬೈಲಿನಿಂದ ಇಳಿಸಿ ತಂದುಕೊಟ್ಟರು. ಮೇಡಂ ಬೈಯಲಿಲ್ಲ. ಹನ್ನೊಂದನ್ನೂ ಒಂದರ ಹಿಂದೊಂದು ಜೋರಾಗಿ ಓದಿದರು. ಐದನೆಯದಕ್ಕೆ ಕ್ಲಾಸೇ ನಕ್ಕಿತು.

"ನಿನ್ನೆ ಸಂಜೆ ನಿಮ್ಮನೇಲಿ ಏನಾಯ್ತೋ ಅದ್ನ ಬರ್ಕೊಂಡ್ ಬನ್ನಿ. ನಿಜ ಬರೀರಿ, ಸಾಕು," ಎಂದರು.

ಅಂದಿನಿಂದ ಶುಕ್ರವಾರಕ್ಕೊಂದು ಪುಟ. ತಾವೂ ಬರೆದು ತಂದು ಓದುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆಯುತ್ತೇನೆ ಎಂದು ಒಮ್ಮೆ ಓದಿದಾಗ ಕೊನೆಯ ಬೆಂಚಿನವರೂ ಮೊಬೈಲು ಕೆಳಗಿಟ್ಟಿದ್ದರು.

ಶೋಭಿತಾ ಮಾತ್ರ ಜಗ್ಗಲಿಲ್ಲ. ನೆಲ್ಯಹುದಿಕೇರಿ ಕಡೆಯ ಎಸ್ಟೇಟಿನವರು ಕೂಲಿಗಳಿಗೆ ಕೊಡುವ ಲೈನ್ ಮನೆಯ ಹುಡುಗಿ, ಅಮ್ಮ ಚೋಮಿ ಅಲ್ಲೇ ಕೂಲಿ. ಪ್ರತಿವಾರ ಹೆಸರಷ್ಟೇ ಬರೆದ ಖಾಲಿ ಹಾಳೆ ಕೊಡುತ್ತಿದ್ದಳು. ಮೇಡಂ ಅದರ ಕೆಳಗೆ ‘ಮುಂದಿನ ವಾರ ಕಾಯ್ತೀನಿ’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ನಾನು ಗೇಲಿ ಮಾಡಿದ್ದೂ ಉಂಟು. ಒಂಬತ್ತನೆಯ ವಾರ ಪುಟ ತುಂಬಿ ಬಂತು.

ಮೆಣಸಿನ ಕೊಯ್ಲು ಮುಗಿದ ಮೇಲೆ ಬಳ್ಳಿಯ ಬುಡದಲ್ಲಿ ಉದುರಿದ ಕಾಳನ್ನು ಅಮ್ಮ ಆಯ್ದು ಮಡಿಲಲ್ಲಿ ಕಟ್ಟಿಕೊಂಡು ಬರುತ್ತಾಳೆ, ಒಲೆಯ ಪಕ್ಕ ಒಣಗಿಸುತ್ತಾ ಹಾಡಿಕೊಳ್ಳುತ್ತಾಳೆ, ನನ್ನ ಪುಸ್ತಕಗಳಿಗೆಲ್ಲ ಮೆಣಸಿನ ವಾಸನೆ. ಇಷ್ಟೇ ಅದರಲ್ಲಿ ಇದ್ದದ್ದು. ಓದಿ ಮೇಡಂ ಕಣ್ಣೊರೆಸಿಕೊಂಡರು.

"ದೇವರಾಜು, ಇದ್ನ ನೋಟಿಸ್ ಬೋರ್ಡಿಗೆ ಹಾಕಪ್ಪ. ಎಲ್ರೂ ಓದ್ಲಿ."

ಗೋಂದು ಹಚ್ಚಿದವನು ನಾನೇ. ಮೇಡಂ ಹುಟ್ಟಿದ್ದು ಶನಿವಾರಸಂತೆ ಕಡೆ. ಅಲ್ಲಿ ಕೊಯ್ಲಾದ ಗದ್ದೆಯಲ್ಲಿ ಬಡವರು ಹಕ್ಕಲು ಆಯಲು, ಅಂದರೆ ಉದುರಿದ ತೆನೆ ಹೆಕ್ಕಲು, ಯಾರ ಅಪ್ಪಣೆಯೂ ಬೇಡ. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಆದರೆ ತೋಟದಲ್ಲಿ ಉದುರಿದ ಕಾಳೂ ಮಾಲೀಕರದೇ. ಹಾಜರಿ ಬರೆಯುವ ರೈಟರ್ ಕಂಡೂ ಕಾಣದಂತೆ ಇರುತ್ತಿದ್ದ, ಅಷ್ಟೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂಟಿಸಿದೆ, ಯಾಕೆಂದರೆ ಪುಟ ಚೆನ್ನಾಗಿತ್ತು.

ಯಾರೋ ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ನಾಲ್ಕನೆಯ ದಿನಕ್ಕೆ ಅದು ತೋಟದ ಆಫೀಸು ಮುಟ್ಟಿತು. ಚೋಮಿಗೆ ಕಳ್ಳಿ ಎಂಬ ಹೆಸರು ಬಂತು, ಕೆಲಸ ಹೋಯಿತು, ವಾರದೊಳಗೆ ಲೈನ್ ಮನೆ ಬಿಡಿಸಿದರು. ಪರೀಕ್ಷೆಗೆ ಒಂದು ತಿಂಗಳಿರುವಾಗ ಶೋಭಿತಾ ಕಾಲೇಜಿಗೆ ಬರುವುದು ನಿಂತಿತು. ಮೇಡಂ ತೋಟಕ್ಕೆ ಹೋಗಿ, ತಪ್ಪು ನನ್ನದು ಎಂದು ಕೈ ಮುಗಿದರು. ಅಲ್ಲಿ ಕಾಫಿ ಕೊಟ್ಟು ಮರ್ಯಾದೆಯಿಂದ ಸಾಗಹಾಕಿದರು.

ವಿಚಾರಿಸಿ ವಿಚಾರಿಸಿ, ವಿರಾಜಪೇಟೆ ಆಚೆಯ ಒಂದು ತೋಟದಲ್ಲಿ ತಾಯಿ ಮಗಳು ಇದ್ದಾರೆಂದು ಗೊತ್ತಾಯಿತು. ಭಾನುವಾರ ಮೇಡಂ ಜೊತೆ ನಾನೂ ಹೋದೆ. ಶೋಭಿತಾ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕೈಯಲ್ಲಿ ಕೆಲಸದ ಗೀರುಗಳು.

"ಪರೀಕ್ಷೆಗಾದ್ರೂ ಬಾ ಕಣವ್ವ. ನನ್ ಮನೇಲೇ ಇರು," ಎಂದರು ಮೇಡಂ.

ಅವಳು ತಲೆಯೆತ್ತಲಿಲ್ಲ. "ನಿಜ ಬರೀರಿ ಅಂದ್ರಿ ಮೇಡಂ. ಬರ್ದೆ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಚೋಮಿಗೆ ಓದು ಬಾರದು. ಒಳಗಿಂದ ಬಂದು, "ಅದ್ರಲ್ಲಿ ಏನ್ ಬರ್ದಿದ್ಲು ಇವ್ಳು? ಎಲ್ರೂ ಬೈದ್ರು, ಯಾರೂ ಓದಿ ಹೇಳ್ನಿಲ್ಲ," ಎಂದಳು.

ಮೇಡಂ ಚೀಲದಿಂದ ಪುಟ ತೆಗೆದು ಓದಿದರು. ಚೋಮಿ ಕುಕ್ಕರಗಾಲಲ್ಲಿ ಕೂತು ಕೇಳಿದಳು.

"ನಾನ್ ಹಾಡೋದೂ ಬರ್ದವ್ಳಾ?" ಎಂದು ಮಗಳ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಚೆಂದ ಬರ್ದವ್ಳೆ. ಇನ್ ಬರ್ಸ್ಬೇಡಿ ಮೇಡಂ. ಈ ಮನೆನಾದ್ರೂ ಇರ್ಲಿ."

ಶೋಭಿತಾ ಪರೀಕ್ಷೆಗೆ ಬರಲಿಲ್ಲ.

ಮುಂದಿನ ವರ್ಷ ಹೊಸ ಮಕ್ಕಳು ಬಂದರು. ಮೊದಲ ಶುಕ್ರವಾರ ನಾನು ಹಾಜರಿ ಪುಸ್ತಕ ಕೊಡಲು ಹೋದಾಗ ಕ್ಲಾಸಿನ ಕರಿಹಲಗೆಯ ಮೇಲೆ ಮೇಡಂ ಅವರದೇ ಅಕ್ಷರದಲ್ಲಿ ‘ಕೊಡಗಿನ ಪ್ರವಾಸಿ ತಾಣಗಳು’ ಎಂದಿತ್ತು. ಮಕ್ಕಳೆಲ್ಲ ಖುಷಿಯಿಂದ ಮೊಬೈಲು ತೆಗೆದಿದ್ದರು. ಲಿಖಿತಾ ಎಂಬ ಹುಡುಗಿಯೊಬ್ಬಳು ಎದ್ದು ಬಂದಳು. ಸೀನಿಯರುಗಳಿಂದ ಮೇಡಂ ಕ್ಲಾಸಿನ ಬಗ್ಗೆ ಕೇಳಿದ್ದಳಂತೆ.

"ಮೇಡಂ, ನಮ್ಮಜ್ಜಿ ವಿಷ್ಯ ಬರ್ಕೊಂಡ್ ಬಂದಿದೀನಿ. ಎಲ್ಲಾ ನಿಜ."

ಮೇಡಂ ಹಾಳೆ ತೆಗೆದುಕೊಂಡರು. ಓದಲಿಲ್ಲ. ನಾಲ್ಕಾಗಿ ಮಡಚಿ ಅವಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು.

"ಮನೇಲೇ ಇಟ್ಕೊ ಕಣವ್ವ," ಎಂದರು. "ಯಾರ್ಗೂ ತೋರಿಸ್ಬೇಡ."