ರಾಯಭಾರಿಯ ಪ್ರಸ್ಥಾನ

ಎಂಬತ್ತರ ದಶಕದ ಮಾತು. ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಆಫ್ರಿಕಾದ ಒಂದು ಸಣ್ಣ ದೇಶಕ್ಕೆ ರಾಯಭಾರಿಯಾಗಿ ನೇಮಕವಾಗಿದ್ದರು. ಹೋಗುವ ಮುಂಚೆ ತಾಯಿಯನ್ನು ಕಾಣಲು ನಾಲ್ಕು ದಿನ ಶಲವಡಿಗೆ ಬಂದರು. ನಾನು ಬಿ.ಎಡ್. ಮುಗಿಸಿ ಮನೆಯಲ್ಲೇ ಇದ್ದೆ.

ಮಂಗಳವಾರ ಹೊರಡಲೇಬೇಕೆಂದು ಕಾಕಾ ಬಂದ ದಿನವೇ ಹೇಳಿಬಿಟ್ಟರು. ಅಲ್ಲಿಯ ಹಳೆಯ ರಾಯಭಾರಿ ನಿಗದಿಯಾದ ದಿನ ಆ ದೇಶ ಬಿಡಬೇಕು, ಆಮೇಲೆಯೇ ಹೊಸಬರು ಕಾಲಿಡಬೇಕು, ಆದರೆ ತಡವೂ ಆಗಕೂಡದು ಎಂಬುದು ನಿಯಮವಂತೆ. ಒಂದೇ ಮನೆಗೆ ಇಬ್ಬರು ಯಜಮಾನರು ಬೇಡವೆಂದು ಅಜ್ಜಿಯೂ ಒಪ್ಪಿದಳು. ಮಂಗಳವಾರವನ್ನು ಮಾತ್ರ ಒಪ್ಪಲಿಲ್ಲ.

"ಮಂಗಳವಾರ ನಮ್ಮ ಮನ್ಯಾಗಿಂದ ಯಾರೂ ದೂರ ಹೋಗೂದಿಲ್ಲ. ಬುಧವಾರ ಹೋಗು."

"ಬುಧವಾರ ಹೊಂಟ್ರ ವಿಮಾನ ತಪ್ಪತೈತಿ, ಯವ್ವಾ."

ಕೊನೆಗೆ ಅಜ್ಜಿಯೇ ದಾರಿ ಹುಡುಕಿದಳು: ಪ್ರಸ್ಥಾನ. ಒಳ್ಳೆಯ ದಿನ ನೋಡಿ ಪ್ರಯಾಣಿಕನ ಗಂಟೊಂದನ್ನು ಬೇರೆಯವರ ಮನೆಯಲ್ಲಿಟ್ಟರೆ ಆತನೇ ಹೊರಟು ಅಲ್ಲಿ ತಂಗಿದಂತೆ ಲೆಕ್ಕ. ಮರುದಿನ ಗಂಟು ಎತ್ತಿಕೊಂಡು ಹೋದರಾಯಿತು. ಸೋಮವಾರ ಮಧ್ಯಾಹ್ನ ಕಾಕಾ ಮಲಗಿದ್ದಾಗ ಅಕ್ಕಿ, ತೆಂಗಿನಕಾಯಿ ಗಂಟು ಕಟ್ಟಿದಳು. ಅವರು ಬಿಟ್ಟುಹೋಗದಂಥ ವಸ್ತುವೊಂದು ಇರಲೆಂದು ಅವರ ಸಣ್ಣ ಚರ್ಮದ ಚೀಲವನ್ನೂ ಸೇರಿಸಿ, ನನ್ನ ಕೈಲಿ ಬಾಜು ಮನೆಗೆ ಕಳಿಸಿದಳು. ಚೀಲದಲ್ಲಿ ಪಾಸ್‌ಪೋರ್ಟ್ ಇತ್ತೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗಂಟು ತರಲು ಹೋದರೆ ಬಾಜು ಮನೆಗೆ ಕೀಲಿ ಬಿದ್ದಿತ್ತು. ನವಲಗುಂದದಲ್ಲಿ ಮಗಳು ದಿನ ತುಂಬುವ ಮೊದಲೇ ಹಡೆದಳೆಂದು ಸುದ್ದಿ ಬಂದು, ಮನೆಯಾಕೆ ಮೊದಲ ಬಸ್ಸಿಗೇ ಹೋಗಿದ್ದಳಂತೆ. ಚೀಲವೂ ಗಂಟಿನಲ್ಲಿದೆಯೆಂದು ತಿಳಿದ ಕಾಕಾ, ಪಾಸ್‌ಪೋರ್ಟ್ ಅದರಲ್ಲೇ ಇದೆಯೆಂದರು. ಅಪ್ಪ ಕೀಲಿ ಒಡೆಯಲು ಕಲ್ಲು ಎತ್ತಿದ.

"ಹೊಂಟ ಹೊತ್ತಿನ್ಯಾಗ ಮಂದಿ ಮನಿ ಕೀಲಿ ಒಡೀತೀಯೇನಲೇ?" ಎಂದು ಅಜ್ಜಿ ಅವನನ್ನು ತಡೆದಳು.

ಅಷ್ಟರಲ್ಲಿ ನಮ್ಮ ಬಸ್ಸೂ ಹೋಯಿತು. ನಾನೂ ಕಾಕಾನೂ ನವಲಗುಂದಕ್ಕೆ ಉಳ್ಳಾಗಡ್ಡಿ ಒಯ್ಯುತ್ತಿದ್ದ ಟ್ರ್ಯಾಕ್ಟರ್ ಹತ್ತಿದೆವು. ಕೋಟು ತೊಟ್ಟ ರಾಯಭಾರಿ ಈರುಳ್ಳಿ ಚೀಲಗಳ ಮೇಲೆ ಕುಳಿತು, ಮಡಿಲಲ್ಲಿ ಸೂಟ್‌ಕೇಸ್ ಇಟ್ಟುಕೊಂಡರು. ದಾರಿಯಲ್ಲಿ ಒಬ್ಬ ರೈತ ಅವರನ್ನೇ ವ್ಯಾಪಾರಿಯೆಂದು ತಿಳಿದು, ಈ ಸಲ ಉಳ್ಳಾಗಡ್ಡಿ ಧಾರಣೆ ಏರುತ್ತದೋ ಇಳಿಯುತ್ತದೋ ಎಂದು ಕೇಳಿದ. ಏರಲೂಬಹುದು, ಇಳಿಯಲೂಬಹುದು, ಪರಿಸ್ಥಿತಿಯನ್ನು ಗಮನಿಸುತ್ತಿದ್ದೇವೆ ಎಂದು ಕಾಕಾ ಗಂಭೀರವಾಗಿ ಉತ್ತರಿಸಿದರು.

ಮಗಳ ಮನೆ ಸಿಕ್ಕಿತು. ಬೀಗದ ಕೈ ಕೇಳಬೇಕೆಂದು ಒಳಗೆ ಹೋದರೆ, ಜಮಖಾನೆಯ ಮೇಲೆ ಕೂಸನ್ನೆತ್ತಿಕೊಂಡು ಕುಳಿತಿದ್ದ ಬಾಜು ಮನೆಯಾಕೆಯ ಪಕ್ಕದಲ್ಲೇ ಗಂಟು ಇತ್ತು.

"ಇದನ್ಯಾಕ ತಂದ್ರಿ?" ಎಂದು ಕೇಳಿದೆ.

ಆಕೆ ಕಾಕಾನ ಕಡೆ ನೋಡಿ ಹೇಳಿದಳು: "ನಿಮ್ಮನ್ನ ಒಬ್ಬರನ್ನ ಖಾಲಿ ಮನ್ಯಾಗ ಬಿಟ್ಟು ಹೆಂಗ ಬರ್ಲಿರಿ, ಸಾಹೇಬರ?"

ದಾರಿಯುದ್ದಕ್ಕೂ ಬಿಗಿದುಕೊಂಡಿದ್ದ ಕಾಕಾ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಕೆ ಅವರ ಬಾಯಿಗೆ ಸಕ್ಕರೆ ಹಾಕಿಯೇ ಗಂಟು ಕೊಟ್ಟಳು. ಹುಬ್ಬಳ್ಳಿ ಬಸ್ಸು ಸಿಕ್ಕಿತು.

ನಿಗದಿಯಾದ ದಿನವೇ ತಲುಪಿದೆನೆಂದು ತಿಂಗಳ ಮೇಲೆ ಕಾಕಾನ ಪತ್ರ ಬಂತು. ಅಜ್ಜಿ ಅದನ್ನು ನನ್ನಿಂದ ಎರಡು ಸಲ ಓದಿಸಿದಳು.