ಬಸವಣ್ಣನಿಗೆ ಎರಡು ಮನೆಯ ಬೆಣ್ಣೆ

ಭಕ್ತ ಬಂಧುಗಳೇ, ನನ್ನ ಮಗಳು ಪಾರ್ವತಿಯನ್ನು ಅವಳ ಗಂಡನೇ ಹೊಡೆದು ಕೊಂದ. ಇದನ್ನು ಮೆತ್ತಗೆ ಹೇಳುವುದು ನನಗೆ ಗೊತ್ತಿಲ್ಲ. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಮಾವಳ್ಳಿಯ ಅವರ ಮನೆಯಿಂದ ಜಟಕಾದಲ್ಲಿ ಆಸ್ಪತ್ರೆಗೆ ಸಾಗಿಸುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. "ಅಮ್ಮಾ, ಗಿರಿಜೆನ ಅವರ ಕೈಗೆ ಕೊಡ್ಬೇಡ" ಎಂದಳು. ಆಮೇಲೆ ಮಾತಾಡಲಿಲ್ಲ.

ಗಿರಿಜೆ ಅವಳ ಮಗಳು. ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಗೆ ಕರೆತಂದೆ.

ಸೆಷನ್ಸ್ ಕೋರ್ಟಿನಲ್ಲಿ ಅಳಿಯನ ತಾಯಿ ನಂಜಮ್ಮ ಸಾಕ್ಷಿ ಹೇಳಿದರು. ಸೊಸೆಯೇ ಮೊದಲು ಬಾಯಿ ಮಾಡಿದಳಂತೆ, ಮಗ ಸಿಟ್ಟಿನಲ್ಲಿ ಒಂದೇ ಏಟು ಹೊಡೆದನಂತೆ, ಅವಳು ಒರಳಿನ ಮೇಲೆ ಬಿದ್ದಳಂತೆ. ಕೊಲ್ಲುವ ಉದ್ದೇಶವಿರಲಿಲ್ಲವೆಂದು ನ್ಯಾಯಾಧೀಶರು ಎರಡೇ ವರ್ಷ ಕೊಟ್ಟರು. ಎರಡು ವರ್ಷ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆಯುತ್ತದೆ. ಆಮೇಲೆ ಹೆತ್ತ ತಂದೆ ಬಂದು ಮಗು ಕೊಡಿ ಎಂದರೆ ಯಾವ ಬಾಯಲ್ಲಿ ಇಲ್ಲವೆನ್ನಲಿ?

ಸರ್ಕಾರಿ ವಕೀಲರ ಮನೆ ಬಾಗಿಲಿಗೆ ಹೋಗಿ ನಿಂತೆ. "ಅಳ್ಬೇಡಿ ತಾಯಿ. ಶಿಕ್ಷೆ ಸಾಲ್ದು ಅಂತ ಸರ್ಕಾರನೇ ಹೈಕೋರ್ಟಿಗೆ ಹೋಗ್ತಿದೆ. ಆದ್ರೆ ಹೆಚ್ಚು ಮಾಡ್ತಾರೆ ಅಂತ ನಾನು ಮಾತು ಕೊಡಕ್ಕಾಗಲ್ಲ" ಎಂದರು.

ಅಲ್ಲಿಂದ ನೆಟ್ಟಗೆ ಬಸವನಗುಡಿಗೆ ನಡೆದೆ. ಅವನ ಶಿಕ್ಷೆ ಹೆಚ್ಚಾದರೆ ಬೆಣ್ಣೆ ಒಪ್ಪಿಸುತ್ತೇನೆಂದು ಬಸವಣ್ಣನ ಮುಂದೆ ಹರಕೆ ಹೊತ್ತೆ. ಇನ್ನೊಬ್ಬ ತಾಯಿಯ ಮಗನಿಗೆ ಜೈಲು ಬೇಡುವುದೂ ಒಂದು ಭಕ್ತಿಯೇ ಎಂದು ನೀವು ಕೇಳಬಹುದು. ಕೇಳಿ. ಆಗ ನನಗೆ ಬೇರೇನೂ ಬೇಡಲು ಬರುತ್ತಿರಲಿಲ್ಲ.

ತಿಂಗಳುಗಟ್ಟಲೆ ವಾಯಿದೆಯ ಮೇಲೆ ವಾಯಿದೆ. ಬೀದಿಯಲ್ಲಿ ಗಂಡಸರ ಚಪ್ಪಲಿ ಸದ್ದಾದರೆ ಮಗು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿತ್ತು. ನಾನು ಬಸವಣ್ಣನ ಮೇಲೆ ಮುನಿಸಿಕೊಂಡು ಕೆಲವು ಸೋಮವಾರ ಗುಡಿಗೇ ಹೋಗಲಿಲ್ಲ.

ಕೊನೆಗೆ ಹೈಕೋರ್ಟು ಶಿಕ್ಷೆಯನ್ನು ಏಳು ವರ್ಷಕ್ಕೆ ಏರಿಸಿತು. ಸಂತೋಷವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಒಲೆಯ ಮುಂದೆ ಕೂತು, ಪಾರ್ವತಿ ಹೋದ ದಿನ ಅಳಲಾಗದ್ದನ್ನೆಲ್ಲ ಅತ್ತೆ.

ಸೋಮವಾರ ಗಿರಿಜೆಯನ್ನು ಕರೆದುಕೊಂಡು ಬೆಣ್ಣೆ ಹಿಡಿದು ಗುಡಿಗೆ ಹೋದೆ. ಅರ್ಚಕರು, "ಸ್ವಲ್ಪ ನಿಲ್ಲಿ ತಾಯಿ, ಇವರದ್ದೂ ಬೆಣ್ಣೆ ಹರಕೆನೇ" ಎಂದರು. ತಿರುಗಿ ನೋಡಿದರೆ ಕಂಬದ ಪಕ್ಕದಲ್ಲಿ ನಂಜಮ್ಮ. ನನ್ನ ಮೈಯೆಲ್ಲ ಉರಿದುಹೋಯಿತು.

"ಮಗನಿಗೆ ಏಳು ವರ್ಷ ಆಯ್ತಲ್ಲ, ಇನ್ಯಾವ ಹರಕೆ ತೀರಿಸ್ತಿದೀರಿ?" ಎಂದೆ.

ಅವರು ಸೆರಗು ಸರಿಸಿ ಮೊಣಕೈ ತೋರಿಸಿದರು. ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

"ಇದೂ ಅವನದೇ ಅಕ್ಕ. ಕೋರ್ಟಲ್ಲಿ ಎದುರಿಗೇ ನಿಂತಿದ್ದ, ಹೆದ್ರಿ ಸುಳ್ಳು ಹೇಳ್ಬಿಟ್ಟೆ. ಆಮೇಲೆ ಇಲ್ಲಿಗೆ ಬಂದು, ಅವನು ಬೇಗ ಮನೆಗೆ ಬರೋದು ಬೇಡಪ್ಪಾ ಅಂತ ಬೇಡ್ಕೊಂಡೆ. ಹೆತ್ತೋಳು ಬೇಡೋ ಮಾತಾ ಇದು?"

ಅಲ್ಲೇ ಕ್ಷಮಿಸಿಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಗಿರಿಜೆ ಮಾತ್ರ ಹೋಗಿ ಅಜ್ಜಿಯ ಬೆರಳು ಹಿಡಿದುಕೊಂಡಳು. ಅರ್ಚಕರು ಎರಡು ಮನೆಯ ಬೆಣ್ಣೆಯನ್ನೂ ಒಂದೇ ತಟ್ಟೆಗೆ ಹಾಕಿಕೊಂಡರು.

ನನ್ನ ಮಗಳನ್ನು ಬಸವಣ್ಣ ಉಳಿಸಿಕೊಡಲಿಲ್ಲ. ಆ ಸಂಕಟ ನಾನಿರುವವರೆಗೂ ಇರುತ್ತದೆ. ಆದರೆ ನಾನೊಬ್ಬಳೇ ಬೇಡುತ್ತಿದ್ದೇನೆ ಅಂದುಕೊಂಡಿದ್ದಾಗ ತನ್ನ ಕಾಲ ಬಳಿ ಇನ್ನೊಬ್ಬಳನ್ನೂ ಕೂರಿಸಿದ್ದನಲ್ಲ, ಅದಕ್ಕೆ ಕೈಮುಗಿಯುತ್ತೇನೆ. ಈಗ ನಂಜಮ್ಮ ಸೋಮವಾರ ಸೋಮವಾರ ನಮ್ಮ ಮನೆಗೆ ಬಂದು ಮಗುವಿನ ತಲೆ ಬಾಚುತ್ತಾರೆ. ಮೊನ್ನೆ ಹೊರಡುವಾಗ ಹೊಸಿಲಲ್ಲಿ ನಿಂತು ಹೇಳಿದರು:

"ಮಗು ನಿಮ್ಮ ಹತ್ರಾನೇ ಇರ್ಲಿ ಅಕ್ಕ. ಅವನು ಬಂದ ದಿನ ಈ ಬಾಗಿಲಿಗೆ ಅಡ್ಡ ನಾನು ನಿಂತ್ಕೋತೀನಿ. ಈ ಸಲ ಹೆದರಲ್ಲ."