ಬಾಗದ ತಂತಿಗಳು

ಕುಮಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮಧುರಾ ರಜೆ ಹಾಕಿ ಪುಣೆಗೆ ಸಂಶೋಧನೆಗೆ ಹೊರಟಾಗ ನೆರೆಹೊರೆಯವರಿಗೆ ನಗು. ನಲವತ್ತರ ಹತ್ತಿರ ಬಂದವಳು ಕಣ್ಣಿಗೆ ಕಾಣದ ತಂತಿ ಬಗ್ಗಿಸಲು ಹೋಗುತ್ತೇನೆ ಅಂದರೆ ನಗದೆ ಇನ್ನೇನು ಮಾಡುತ್ತಾರೆ? ಅವಳು ಹೇಳುತ್ತಿದ್ದುದು ಮಾತ್ರ ನಿಜ. ಸತುವಿನ ಆಕ್ಸೈಡ್ ದಪ್ಪಗಿದ್ದರೆ ಪಿಂಗಾಣಿಯ ಹಾಗೆ ಒಡೆಯುತ್ತದೆ. ಕೂದಲಿನ ಸಾವಿರದಲ್ಲೊಂದು ಪಾಲು ತೆಳುವಾದ ತಂತಿಯಾದರೆ ಬಾಗುತ್ತದೆ, ಬಿಟ್ಟೊಡನೆ ನೆಟ್ಟಗಾಗುತ್ತದೆ. ಆದರೆ ಮಧುರಾಳ ತಂತಿಗಳು ಸುಲಭಕ್ಕೆ ಬಾಗಲಿಲ್ಲ. ಇದೇ ಹೊಸ ಸಂಗತಿ ಎಂದು ಪಟ್ಟು ಹಿಡಿದಳು. ಲೇಖನ ಅಚ್ಚಿಗೆ ಹೋಯಿತು. ಡಾಕ್ಟರೇಟೂ ಅದರ ಮೇಲೇ ನಿಂತಿತ್ತು.

೨೦೦೬ರ ಮೇ ತಿಂಗಳಲ್ಲಿ ಅವಳು ಮನೆಗೆ ಬಂದಿದ್ದಾಗ ಗೈಡ್ ರಮಾನಂದರ ಫೋನು ಬಂತು.

"ಮಧುರಾ, ನಮ್ಮ ಲ್ಯಾಬಿನ ಅನೂಪ ಹೊಸ ತಂತಿ ಬೆಳೆಸಿ ನೋಡಿದ. ಚೆನ್ನಾಗಿ ಬಾಗ್ತವೆ. ನಿಮ್ಮ ತಂತಿಗಳ ಮೇಲೆ ಇಂಗಾಲದ ಪದರ ಕೂತಿದೆ. ಎಲ್ಲಿಂದಲೋ ಎಣ್ಣೆ ಸೇರಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಿರಣಕ್ಕೆ ಗಟ್ಟಿಯಾಗಿದೆ. ಅದಕ್ಕೇ ಅವು ಬಾಗಲಿಲ್ಲ. ಕೈಗವಸು ಹಾಕ್ತಿದ್ದಿರಿ ತಾನೆ?"

"ದಿನಾ ಹಾಕ್ತಿದ್ದೆ, ಸರ್."

ಹೇಳುತ್ತಲೇ ಅವಳ ಕೈ ಮುಂದಲೆ ನೇವರಿಸಿ ಕೆಳಗಿಳಿಯಿತು. ಬೆರಳು ಮಿರುಗುತ್ತಿತ್ತು. ಕೊಬ್ಬರಿ ಎಣ್ಣೆ ಹಚ್ಚದೆ ಒಂದು ದಿನವೂ ಹೊಸಿಲು ದಾಟದ ತಲೆ ಅದು. ಯೋಚನೆಗೆ ಬಿದ್ದರೆ ಮುಂದಲೆ ನೇವರಿಸುವುದು ಚಿಕ್ಕಂದಿನ ರೂಢಿ. ಕೈಗವಸು ಹಾಕಿಕೊಂಡೇ ನೇವರಿಸಿದ್ದಳು, ಅದೇ ಕೈಯಲ್ಲಿ ತಂತಿ ಎತ್ತುವ ಚಿಮಟ ಹಿಡಿದಿದ್ದಳು.

"ಅದು ನನ್ನ ತಲೆಯ ಎಣ್ಣೆ, ಸರ್. ಲೇಖನ ವಾಪಸ್ ತೆಗೆದುಕೊಳ್ಳಿ."

ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಕೊನೆಯ ಬಸ್ಸು ತಪ್ಪಿದವರ ಹಾಗೆ ಫೋನಿನ ಪಕ್ಕ ನಿಂತಳು.

ತಾಯಿ ಮಹಾಲಕ್ಷ್ಮೀ ಎಣ್ಣೆಯ ಬಟ್ಟಲು ಹಿಡಿದು ಬಂದರು.

"ಎಂತ ಆತೆ?"

"ಎಂತ ಇಲ್ಲೆ, ಆಯಿ."

"ಗಾಣದ ಎಣ್ಣೆ ಬಾಟ್ಲಿ ಚೀಲದಲ್ಲಿ ಇದ್ದು, ಮರೆಯಡ. ಪುಣೇಲಿ ನಿನ್ನ ತಲೆ ನೋಡಲೆ ಯಾರಿದ್ದ?"

ಎಣ್ಣೆಯಿಂದಲೇ ಕೆಟ್ಟಿತೆಂದು ಹೇಳಿಬಿಟ್ಟರೆ ಆಯಿಯ ಕೈ ಇನ್ನೆಂದೂ ಬಟ್ಟಲಿಗೆ ಇಳಿಯುವುದಿಲ್ಲ ಎಂಬುದು ಮಧುರಾಳಿಗೆ ಗೊತ್ತಿತ್ತು. ಹೇಳಲಿಲ್ಲ. ಬಂದು ಮೆಟ್ಟಿಲ ಮೇಲೆ ಕೂತಳು. ತಾಯಿ ನೆತ್ತಿಗೆ ಎಣ್ಣೆ ಹೊಯ್ದು ತಟ್ಟಿದರು.

"ಕುತ್ತಿಗೆ ಎಂತಕ್ಕೆ ಇಷ್ಟು ಗಟ್ಟಿ ಮಾಡ್ಕಂಡಿದ್ದೆ? ಚೂರು ಬಗ್ಗಿಸೆ."

ಮಧುರಾ ಬಗ್ಗಿಸಿದಳು. ತಾಯಿ ಕೈ ತೆಗೆದು, ಬಟ್ಟಲು ಎತ್ತಿಕೊಂಡು ಒಳಗೆ ಹೋದರು. ಅವಳ ತಲೆ ಮತ್ತೆ ನೆಟ್ಟಗಾಗಲಿಲ್ಲ.